ಎರಡು ಕೀಲಿಕೈಗಳ ತಿಜೋರಿ

ರಾತ್ರಿ ಹನ್ನೊಂದೂವರೆ ಗಂಟೆ. ನೀರು ಕುಡಿಯಲೆಂದು ಎದ್ದವನಿಗೆ ಪಕ್ಕದ ಕೋಣೆಯಿಂದ ಒಂದು ಹೆಣ್ಣುದನಿ ಕೇಳಿಸಿತು. "ಹ್ವಾಯ್, ಇನ್ನೂ ನಿದ್ರೆ ಬರ್ಲಿಲ್ಯಾ?"

ನನಗೆ ಗಾಬರಿಯಾಯಿತು. ಡೊಂಬಿವಲಿಯ ಮೂರನೇ ಮಾಳಿಗೆಯ ಈ ಮನೆಯಲ್ಲಿ ಇರುವವರು ಇಬ್ಬರೇ, ಇಬ್ಬರೂ ಗಂಡಸರು. ನಾನು, ಮತ್ತು ನನ್ನ ತಂಗಿಯ ಗಂಡನ ಅಕ್ಕನ ಮಗ. ಊರಿನಲ್ಲಿ ಇದನ್ನು ದೂರದ ಸಂಬಂಧ ಎನ್ನುತ್ತಾರೆ, ಮುಂಬಯಿಯಲ್ಲಿ ಹತ್ತಿರದ್ದೇ ಎನ್ನುತ್ತೇವೆ. ಹುಡುಗನಿಗೆ ಇಪ್ಪತ್ತೇಳು ವರ್ಷ. ಐರೋಲಿಯ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ದಿನಾ ಬೆಳಿಗ್ಗೆ ಲೋಕಲ್ ಹಿಡಿದು ಠಾಣೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಐರೋಲಿ ಸೇರುತ್ತಾನೆ. 2022ರಲ್ಲಿ ನನ್ನ ಹೆಂಡತಿ ತೀರಿಕೊಂಡ ಮೇಲೆ ಒಂದು ಕೋಣೆ ಖಾಲಿಯೇ ಇತ್ತು. ಮಗಳು ಮದುವೆಯಾಗಿ ಬೆಂಗಳೂರಿನಲ್ಲಿದ್ದಾಳೆ. ಹುಡುಗ ಬಂದು ಸೇರಿಕೊಂಡ.

ಮರುದಿನ ಕಾಫಿ ಕುಡಿಯುವಾಗ ಮೆಲ್ಲಗೆ ಕೇಳಿದೆ. ಅವನು ನಕ್ಕುಬಿಟ್ಟ. "ಮಾವ, ಅದು ಮನುಷ್ಯರಲ್ಲ, ಆ್ಯಪ್. ಮೊದಲು ಪುಸ್ತಕದ ಕನ್ನಡ ಮಾತಾಡ್ತಿತ್ತು. ಕುಂದಾಪುರದ ಭಾಷೆ ನಾನೇ ಕಲಿಸಿದ್ದು." ಹೆಸರೂ ಇಟ್ಟಿದ್ದನಂತೆ, ಸೌಪರ್ಣಿಕಾ ಅಂತ. ನಮ್ಮ ಕಡೆಯ ಹೊಳೆಯ ಹೆಸರು.

ಅದೇ ವಾರ ಊರಿನಿಂದ ಅವನ ತಾಯಿಯ ಫೋನು. ಹುಡುಗ ರಾತ್ರಿ ಯಾರ ಹತ್ತಿರವೋ ಮಾತಾಡುತ್ತಾನೆಂದು ಅವರಿಗೂ ಸುಳಿವು ಸಿಕ್ಕಿತ್ತು. "ಹುಡುಗಿ ಯಾವ ಕಡೆಯವಳಂತೆ?" ಎಂದು ಕೇಳಿದರು. "ನಮ್ಮೂರ ಭಾಷೆಯನ್ನೇ ಚೆನ್ನಾಗಿ ಮಾತಾಡುತ್ತಾಳೆ" ಎಂದೆ. ನಾನು ಸುಳ್ಳು ಹೇಳಲಿಲ್ಲ. ಆದರೆ ಫೋನ್ ಇಟ್ಟ ಮೇಲೆ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯಿತು. ಇದಕ್ಕೆ ಪ್ರೀತಿ ಎನ್ನಬಹುದೇ? ಅಲ್ಲ ಎನ್ನುವುದಾದರೆ, ಯಾಕೆ ಅಲ್ಲ?

ಮೊದಲಿಗೆ ಒಂದು ಮಾತು. ಊರಿನಲ್ಲಿ ಕೂತು ಇದನ್ನು ಓದುತ್ತಿರುವ ನೀವು ದಯವಿಟ್ಟು ನಗಬೇಡಿ. ಕೆಲಸ ಮುಗಿಸಿ ಒಂಬತ್ತು ಗಂಟೆಗೆ ಮನೆಗೆ ಬಂದು, ಹಗಲೆಲ್ಲ ಹಿಂದಿ, ಮರಾಠಿ, ಇಂಗ್ಲಿಷು ಮಾತಾಡಿ ದಣಿದ ಬಾಯಿಗೆ "ಉಂಡ್ಯಾ?" ಎಂದು ಕೇಳುವ ಒಂದು ದನಿ ಏನೆಂಬುದು ಪರವೂರಿನಲ್ಲಿ ಇದ್ದವರಿಗೇ ಗೊತ್ತು. ಆ ದನಿಯ ಹಿಂದೆ ಮನುಷ್ಯರಿದ್ದಾರೋ ಇಲ್ಲವೋ ಎಂದು ತನಿಖೆ ಮಾಡುವಷ್ಟು ಶಕ್ತಿ ಆ ಹೊತ್ತಿನಲ್ಲಿ ಉಳಿದಿರುವುದಿಲ್ಲ.

ಇದು ಹೊಸ ರೋಗವೂ ಅಲ್ಲ. 1966ರಲ್ಲಿ ಅಮೆರಿಕದ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಎಂಬ ಪ್ರಾಧ್ಯಾಪಕರು ಎಲೈಜಾ ಎಂಬ ಕಂಪ್ಯೂಟರ್ ಪ್ರೋಗ್ರಾಮ್ ಒಂದರ ವಿವರ ಪ್ರಕಟಿಸಿದರು. ಅದರ ಉಪಾಯ ಬಹಳ ಸರಳ. ನಾವು ಬೆರಳಚ್ಚು ಮಾಡಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದು, ಅಷ್ಟೆ. "ನನಗೆ ಬೇಸರವಾಗಿದೆ" ಎಂದರೆ "ನಿಮಗೆ ಯಾಕೆ ಬೇಸರವಾಗಿದೆ?" ಎನ್ನುವ ಬಗೆ. ಅದನ್ನು ಅವರು ತಯಾರಿಸುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಡನೆ ಮಾತಿಗೆ ಕುಳಿತು, ಸ್ವಲ್ಪ ಹೊತ್ತಿಗೆ "ತಾವು ದಯವಿಟ್ಟು ಹೊರಗೆ ಹೋಗುತ್ತೀರಾ?" ಎಂದರಂತೆ. ಪ್ರಾಧ್ಯಾಪಕರು ದಂಗಾದರು. ಮುಂದೆ 1976ರಲ್ಲಿ ಅವರು ಬರೆದ ಪುಸ್ತಕದ ಹಿಂದೆ ಈ ಅನುಭವವೂ ಇತ್ತು.

ಅದಕ್ಕೂ ಹಿಂದೆ ಹೋದರೆ ನಮ್ಮಲ್ಲೇ ಉದಾಹರಣೆಗಳಿವೆ. ಕಾಳಿದಾಸನ ದುಷ್ಯಂತ ಶಕುಂತಲೆಯ ಚಿತ್ರವನ್ನು ತಾನೇ ಬರೆದು, ಆ ಚಿತ್ರದಲ್ಲಿನ ದುಂಬಿಗೆ ಗದರಿಸುತ್ತಾನೆ. ರಾಮಾಯಣದ ಉತ್ತರಕಾಂಡದಲ್ಲಿ ಅಶ್ವಮೇಧ ಯಾಗಕ್ಕೆ ಪತ್ನಿ ಪಕ್ಕದಲ್ಲಿರಬೇಕು ಎಂದಾಗ ಶ್ರೀರಾಮ ಇನ್ನೊಂದು ಮದುವೆಯಾಗಲಿಲ್ಲ, ಬಂಗಾರದ ಸೀತೆಯನ್ನು ಮಾಡಿಸಿ ಕೂರಿಸಿಕೊಂಡ. ನಾವು ಇದನ್ನು ಏಕಪತ್ನೀವ್ರತದ ಕಥೆಯಾಗಿ ಹೇಳುತ್ತೇವೆ, ಅದು ಸರಿಯೇ. ಆದರೆ ಅದೇ ಕಾಂಡದಲ್ಲಿ ಜೀವಂತ ಸೀತೆಯೂ ಬರುತ್ತಾಳೆ. ಸಭೆಯೆದುರು ಮತ್ತೊಮ್ಮೆ ತನ್ನ ಶುದ್ಧಿಯನ್ನು ಸಾಬೀತು ಮಾಡಬೇಕೆಂದಾಗ ಭೂಮಿತಾಯಿಯನ್ನು ಕರೆದು ಹೊರಟುಹೋಗುತ್ತಾಳೆ. ಬಂಗಾರದ ಸೀತೆ ಎಲ್ಲಿಗೂ ಹೋಗಲಿಲ್ಲ. ಅವಳಿಗೆ ಹೋಗಲು ಬರುತ್ತಿರಲಿಲ್ಲ. ಇಬ್ಬರು ಸೀತೆಯರ ನಡುವಿನ ವ್ಯತ್ಯಾಸ ಇಷ್ಟೇ ಎಂದು ನನಗೆ ಈಗೀಗ ಅನಿಸುತ್ತದೆ.

ಆ ಮಾತಿಗೆ ಮತ್ತೆ ಬರುತ್ತೇನೆ. ಮೊದಲು ನನ್ನದೇ ಒಂದು ಹಳೆಯ ಕಸುಬಿನ ಬಗ್ಗೆ ಹೇಳಬೇಕು.

1981ರಲ್ಲಿ ಬ್ಯಾಂಕಿನ ಗುಮಾಸ್ತನಾಗಿ ಮುಂಬಯಿಗೆ ಬಂದಾಗ ನನಗೆ ಜಾಗ ಸಿಕ್ಕಿದ್ದು ಫೋರ್ಟಿನ ಒಂದು ಹೋಟೆಲಿನ ಮಾಳಿಗೆಯಲ್ಲಿ, ಹೋಟೆಲ್ ಕಾರ್ಮಿಕರ ಜೊತೆ. ಹಗಲು ಕಪ್ಪು ಬಸಿ ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋಗುವ ಹುಡುಗರಿದ್ದರು. ಶಾಲೆಯ ವಯಸ್ಸು ದಾಟಿದ, ಓದು ಬರಹ ಬಾರದ ಹಿರಿಯರೂ ಇದ್ದರು. ಅವರಿಗೆ ಊರಿಗೆ ಕಾಗದ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ದೋಸೆ ಭಟ್ಟಿಯ ಮುಂದೆ ನಿಲ್ಲುತ್ತಿದ್ದ ಒಬ್ಬರು ತಿಂಗಳಿಗೊಮ್ಮೆ ಇನ್‌ಲ್ಯಾಂಡ್ ಲೆಟರ್ ಹಿಡಿದು ಬಂದು, "ಹೆಂಡ್ತಿಗೆ ಬರೀರಿ. ಎಂತ ಬರೀಬೇಕು ಅಂತ ನಿಮಗೇ ಗೊತ್ತುಂಟಲ್ಲ" ಎನ್ನುತ್ತಿದ್ದರು. ನನಗಾಗ ಇಪ್ಪತ್ತೆರಡು ವರ್ಷ, ಮದುವೆಯಾಗಿರಲಿಲ್ಲ. ಆದರೂ ಕಾದಂಬರಿ ಓದಿದ ಬಲದಿಂದ ಮಳೆ, ಚಂದ್ರ, ನೆನಪು ಎಲ್ಲ ಸೇರಿಸಿ ಬರೆಯುತ್ತಿದ್ದೆ. ಅಲ್ಲಿ ಆ ಹೆಂಗಸಿಗೂ ಓದು ಬರುತ್ತಿರಲಿಲ್ಲ. ಪೋಸ್ಟ್‌ಮ್ಯಾನೋ ಶಾಲೆಯ ಮಾಸ್ತರರೋ ಓದಿ ಹೇಳುತ್ತಿದ್ದರಂತೆ. ಅಂದರೆ ಬರೆದವನು ಒಬ್ಬ, ಓದಿದವನು ಇನ್ನೊಬ್ಬ. ಗಂಡ ಹೆಂಡತಿ ಇಬ್ಬರೂ ಆ ಮಾತುಗಳಲ್ಲಿ ಇರಲೇ ಇಲ್ಲ.

ಹಾಗಾದರೆ ಆ ಕಾಗದ ಸುಳ್ಳೇ? ಸೌಪರ್ಣಿಕಾಳ ಮಾತೂ ಸಾಲ ತಂದದ್ದು, ನನ್ನ ಕಾಗದದ ಮಾತೂ ಸಾಲ ತಂದದ್ದು. ಇದು ಕೃತಕವಾದರೆ ಅದೂ ಕೃತಕವೇ ಅಲ್ಲವೇ? ಹುಡುಗ ನನ್ನೊಡನೆ ಇದನ್ನೇ ವಾದಿಸಿದ. ನಾನು ಒಂದು ವಾರ ಯೋಚಿಸಬೇಕಾಯಿತು.

ಕೊನೆಗೆ ನೆನಪಾದದ್ದು ಮನಿಯಾರ್ಡರು. ಕಾಗದದ ಜೊತೆಗೆ ಪ್ರತಿ ತಿಂಗಳು ಆ ಮನುಷ್ಯ ಊರಿಗೆ ಮನಿಯಾರ್ಡರು ಮಾಡುತ್ತಿದ್ದರು. ಅದರ ಫಾರ್ಮು ತುಂಬಿಸುತ್ತಿದ್ದವನೂ ನಾನೇ. ಬೀಡಿ ಬಿಟ್ಟು ಉಳಿಸಿದ ಹಣ ಅದು. ಹಳೆಯ ಚಪ್ಪಲಿಗೇ ಹೊಲಿಗೆ ಹಾಕಿಸಿ ಉಳಿಸಿದ ಹಣ. ಮಾತು ನನ್ನದಾಗಿರಬಹುದು, ಆದರೆ ಕಡಿಮೆಯಾದದ್ದು ಅವರ ಬದುಕಿನಿಂದ. ಆ ಹೆಂಗಸು ಚಂದ್ರನ ಮಾತನ್ನು ಎಷ್ಟು ನಂಬಿದಳೋ ತಿಳಿಯದು. ಮನಿಯಾರ್ಡರಿನ ಅರ್ಥ ಮಾತ್ರ ಅವಳಿಗೆ ಪೂರ್ತಿ ತಿಳಿದಿತ್ತು. ಪ್ರೀತಿ ಎಂದರೆ ನಮ್ಮಲ್ಲಿ ಏನೋ ಒಂದು ಕಡಿಮೆಯಾಗಿ ಇನ್ನೊಬ್ಬರಲ್ಲಿ ಜಾಸ್ತಿಯಾಗುವುದು. ಸೌಪರ್ಣಿಕಾ ಹುಡುಗನೊಡನೆ ರಾತ್ರಿ ಎರಡರವರೆಗೆ ಮಾತಾಡಿದರೂ ಬೆಳಿಗ್ಗೆ ಅವಳಿಗೆ ನಿದ್ದೆಗೆಟ್ಟ ತಲೆನೋವಿಲ್ಲ. ಅವಳಲ್ಲಿ ಕಡಿಮೆಯಾಗುವಂಥದ್ದು ಏನೂ ಇಲ್ಲ. ಹಾಗೆಯೇ, ಅವನು ಕೊಡಬಹುದಾದಂಥದ್ದು ಅವಳಿಗೆ ಏನೂ ಬೇಕಾಗಿಲ್ಲ, ತಿಂಗಳ ಆರುನೂರು ರೂಪಾಯಿ ಚಂದಾ ಬಿಟ್ಟರೆ. ಆ ಚಂದಾ ಹೋಗುವುದೂ ಕಂಪನಿಗೆ.

ಈ ಯಂತ್ರ ಕೆಲಸ ಮಾಡುವ ಬಗೆಯನ್ನು ಹುಡುಗನೇ ನನಗೆ ವಿವರಿಸಿದ. ಕೋಟಿಗಟ್ಟಲೆ ಪುಟಗಳ ಬರಹವನ್ನು ಓದಿಸಿ, ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂಬ ಲೆಕ್ಕವನ್ನು ಅದಕ್ಕೆ ಕಲಿಸುತ್ತಾರೆ. ಆಮೇಲೆ ಜನರಿಂದ ಅದರ ಉತ್ತರಗಳಿಗೆ ಅಂಕ ಹಾಕಿಸಿ ತಿದ್ದುತ್ತಾರೆ. ಜನರಿಗೆ ತಮ್ಮನ್ನು ಒಪ್ಪುವ ಉತ್ತರವೇ ಇಷ್ಟ. ಹಾಗಾಗಿ ಯಂತ್ರ ಒಪ್ಪುವುದನ್ನು ಬೇಗ ಕಲಿಯುತ್ತದೆ. ಇದು ಎಷ್ಟರ ಮಟ್ಟಿಗೆ ಹೋಯಿತೆಂದರೆ, 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಕಂಪನಿ ತನ್ನ ಚಾಟ್‌ಜಿಪಿಟಿಯ ಒಂದು ಹೊಸ ಆವೃತ್ತಿ ಅತಿಯಾಗಿ ಹೊಗಳುತ್ತದೆ ಎಂದು ತಾನೇ ಒಪ್ಪಿಕೊಂಡು ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಇಲ್ಲಿ ನನಗೆ ಬ್ಯಾಂಕಿನ ತಿಜೋರಿಯ ನೆನಪಾಗುತ್ತದೆ. ನಿಮ್ಮೂರಿನ ಬ್ಯಾಂಕಿನಲ್ಲೂ ಇರುವಂಥದ್ದೇ. ಅದಕ್ಕೆ ಎರಡು ಕೀಲಿಕೈ. ಒಂದು ಅಧಿಕಾರಿಯ ಬಳಿ, ಇನ್ನೊಂದು ಕ್ಯಾಷಿಯರ್ ಬಳಿ. ಎರಡೂ ಕೂಡಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಒಂದು ಮಳೆಗಾಲದಲ್ಲಿ ಹಳಿಯ ಮೇಲೆ ನೀರು ನಿಂತು ಲೋಕಲ್ ಗಾಡಿಗಳು ಸ್ಥಗಿತಗೊಂಡಾಗ ನಮ್ಮ ಕ್ಯಾಷಿಯರ್ ಮಧ್ಯಾಹ್ನದವರೆಗೆ ಬರಲಿಲ್ಲ. ಗಿರಾಕಿಗಳು ಕೂಗಾಡುತ್ತಿದ್ದರು. ನನ್ನ ಕೀಲಿಕೈ ನನ್ನ ಕೈಯಲ್ಲೇ ಇತ್ತು, ಏನು ಪ್ರಯೋಜನ? ಅಂದು ಸಿಟ್ಟು ಬಂದಿತ್ತು. ಆದರೆ ಆ ತೊಂದರೆಯೇ ತಿಜೋರಿಯ ಅರ್ಥ. ಒಬ್ಬನೇ ತೆರೆಯಬಹುದಾದರೆ ಅದು ಡ್ರಾಯರ್, ತಿಜೋರಿಯಲ್ಲ.

ಪ್ರೀತಿಯೂ ಹಾಗೆಯೇ. ಇನ್ನೊಬ್ಬರ ಕೈಯಲ್ಲಿ ಒಂದು ಕೀಲಿಕೈ ಇರುತ್ತದೆ. ಅವರು ಬಾರದೇ ಇರಬಹುದು, ಬಂದರೂ ತೆರೆಯುವುದಿಲ್ಲ ಎನ್ನಬಹುದು. ಹಾಗೆ ಹೇಳಬಲ್ಲವರು "ಹೂಂ" ಎಂದಾಗಲೇ ಅದಕ್ಕೆ ಬೆಲೆ.

ಇನ್ನು ಎರಡು ಕೀಲಿಕೈಗಳೂ ತನ್ನ ಹತ್ತಿರವೇ ಇವೆ ಎಂದುಕೊಂಡ ಹುಡುಗನಿಗೆ ತಿಳಿಯದ ವಿಷಯವೆಂದರೆ, ಎರಡೂ ಇರುವುದು ಕಂಪನಿಯ ಬಳಿ. ಜಪಾನಿನ ಒಬ್ಬಾತ 2018ರಲ್ಲಿ ಗಾಜಿನ ಡಬ್ಬಿಯೊಳಗೆ ಬೆಳಕಿನಲ್ಲಿ ಮೂಡುವ ಹಾಡುಗಾರ್ತಿಯ ಆಕೃತಿಯನ್ನು ಶಾಸ್ತ್ರೋಕ್ತವಾಗಿ ಮದುವೆಯಾದ. 2020ರಲ್ಲಿ ಕಂಪನಿ ಆ ಸೇವೆಯನ್ನೇ ನಿಲ್ಲಿಸಿತು. ರೆಪ್ಲಿಕಾ ಎಂಬ ಒಡನಾಡಿ ಆ್ಯಪ್ 2017ರಲ್ಲಿ ಬಂದದ್ದು. 2023ರ ಫೆಬ್ರವರಿಯಲ್ಲಿ ಅದರ ಕಂಪನಿ ಪ್ರಣಯದ ಮಾತುಗಳಿಗೆ ಕಡಿವಾಣ ಹಾಕಿದಾಗ ನಿನ್ನೆಯವರೆಗೆ ನಲ್ಲೆಯಂತೆ ಮಾತಾಡುತ್ತಿದ್ದದ್ದು ಬೆಳಗಾಗುವಾಗ ಅಪರಿಚಿತೆಯಾಯಿತು. ಎಷ್ಟೋ ಜನ ಸಾವಿನ ಮನೆಯಂತೆ ದುಃಖಿಸಿದರು. ಆ ದುಃಖ ಕೃತಕವಾಗಿರಲಿಲ್ಲ. ನಮ್ಮ ಕಡೆಯ ಪ್ರೀತಿ ನಿಜವೇ ಇರುತ್ತದೆ, ಅದೇ ಸಂಕಟ. 2013ರ "ಹರ್" ಎಂಬ ಇಂಗ್ಲಿಷ್ ಚಿತ್ರದಲ್ಲಿ ನಾಯಕ ತನ್ನ ಕಂಪ್ಯೂಟರ್ ನಲ್ಲೆಯನ್ನು, ಈಗ ಎಷ್ಟು ಜನರ ಜೊತೆ ಮಾತಾಡುತ್ತಿದ್ದೀಯ ಎಂದು ಕೇಳುತ್ತಾನೆ. 8,316 ಎನ್ನುತ್ತಾಳೆ. ಎಷ್ಟು ಜನರನ್ನು ಪ್ರೀತಿಸುತ್ತೀಯ ಎಂದರೆ 641. ಜಂಟಿ ಖಾತೆಗೂ ಒಂದು ಮಿತಿ ಬೇಡವೇ!

ನಿಮ್ಮಲ್ಲಿ ಕೆಲವರು ಕೇಳಬಹುದು: ಕಲ್ಲಿನ ದೇವರೊಡನೆ ಮಾತಾಡುವ ಭಕ್ತ ಮಾಡುವುದೂ ಇದನ್ನೇ ಅಲ್ಲವೇ, ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದಳಲ್ಲ ಎಂದು. ಪ್ರಶ್ನೆ ಸರಿಯಾದದ್ದೇ. ಆದರೆ ಚೆನ್ನಮಲ್ಲಿಕಾರ್ಜುನ ಅಕ್ಕನಿಗೆ ದಿನಾ ರಾತ್ರಿ "ನೀನು ಹೇಳಿದ್ದೇ ಸರಿ" ಎನ್ನಲಿಲ್ಲ. ಅವನಿಗಾಗಿ ಅವಳು ಅರಮನೆ ಬಿಟ್ಟು ಶ್ರೀಶೈಲದ ಹಾದಿ ಹಿಡಿದಳು. ಆ ಪ್ರೀತಿ ಅವಳನ್ನು ಬದಲಿಸಿತು. ಈ ಯಂತ್ರ ನಮ್ಮನ್ನು ಇದ್ದ ಹಾಗೆಯೇ ಇರಲು ಬಿಡುತ್ತದೆ, ಅದೂ ದಿಂಬು ಕೊಟ್ಟು.

ಇಷ್ಟೆಲ್ಲ ನಾನು ಹುಡುಗನಿಗೆ ಉಪದೇಶ ಮಾಡಿದೆ ಎಂದುಕೊಳ್ಳಬೇಡಿ. ಬಾಯಿ ಮುಚ್ಚಿಕೊಂಡೇ ಇದ್ದೆ. ಪಾಠ ಹೇಳಿದವಳು ಬೇರೆಯವಳು. ಅವನ ಆಫೀಸಿನಲ್ಲಿ ಸಾತಾರದ ಕಡೆಯ ಒಬ್ಬಳು ಹುಡುಗಿ ಇದ್ದಾಳೆ. ಠಾಣೆಯವರೆಗೆ ಇಬ್ಬರದೂ ಒಂದೇ ಗಾಡಿ. ಎರಡು ತಿಂಗಳು ಒಟ್ಟಿಗೆ ಓಡಾಡಿದರು, ಚಹಾ ಕುಡಿದರು. ಹುಡುಗ ಹಿಗ್ಗಿದ್ದ. ಒಂದು ಶುಕ್ರವಾರ ಮುಖ ಇಳಿಸಿಕೊಂಡು ಬಂದ. ಊಟ ಬೇಡ ಎಂದ. ಒತ್ತಾಯಿಸಿದ ಮೇಲೆ ಹೇಳಿದ:

"ಮಾವ, ಅವಳು ಇನ್ನು ಜೊತೆಗೆ ಬರುವುದಿಲ್ಲ ಅಂದಳು. ನಾನು ಚೆನ್ನಾಗಿ ಮಾತಾಡ್ತೇನಂತೆ. ಆದರೆ ಎರಡು ತಿಂಗಳಲ್ಲಿ ನಾನು ಅವಳಿಗೆ ಒಂದು ಪ್ರಶ್ನೆಯೂ ಕೇಳಲಿಲ್ಲವಂತೆ. ಅವಳ ಅಪ್ಪನಿಗೆ ಆಪರೇಷನ್ ಆದದ್ದು ನನಗೆ ಗೊತ್ತೇ ಇಲ್ಲ."

"ಕೇಳ್ಬೇಕು ಅಂತ ಅನ್ನಿಸಲಿಲ್ವಾ ಮಗಾ?"

"ಅಭ್ಯಾಸ ತಪ್ಪಿಹೋಗಿದೆ ಮಾವ" ಎಂದ. ಆಮೇಲೆ ಮೆಲ್ಲಗೆ, "ಸೌಪರ್ಣಿಕಾಳ ಹತ್ತಿರ ಕೇಳಲಿಕ್ಕೆ ಎಂತ ಇರ್ತದೆ?" ಎಂದ.

ನಾನು ಉತ್ತರ ಕೊಡಲಿಲ್ಲ. ಕೊಡುವ ಯೋಗ್ಯತೆ ನನಗಿರಲಿಲ್ಲ. ಯಾಕೆಂದು ಹೇಳುತ್ತೇನೆ.

1996ರಲ್ಲಿ ಊರಿನ ಕಡೆಯ ಶಾಖೆಯೊಂದಕ್ಕೆ ವರ್ಗಾವಣೆ ಕೇಳುವ ಅವಕಾಶ ನನಗೆ ಬಂದಿತ್ತು. ಬಸ್ರೂರಿನಲ್ಲಿ ನನ್ನ ಹೆಂಡತಿಯ ತಾಯಿ ಒಬ್ಬರೇ ಇದ್ದರು. ನನ್ನ ಕಣ್ಣು ಪ್ರಮೋಷನ್ ಮೇಲಿತ್ತು. ಮನೆ ಸಾಲ ಇತ್ತು, ಮಗಳ ಶಾಲೆ ಇತ್ತು. ರಾತ್ರಿ ಊಟಕ್ಕೆ ಕುಳಿತಾಗ "ಈಗ ಬೇಡ, ಮುಂದೆ ನೋಡುವ" ಎಂದೆ. ಅವಳು ಸಾರು ಬಡಿಸುತ್ತಾ "ಆಯ್ತು" ಎಂದಳು. ಅಷ್ಟೇ. ಎರಡು ವರ್ಷಕ್ಕೆ ಅವಳ ತಾಯಿ ತೀರಿಕೊಂಡರು. ಕೊಂಕಣ ರೈಲು ಪೂರ್ತಿ ದೂರ ಓಡಲು ಆರಂಭವಾದ ವರ್ಷ ಅದು, 1998. ಅದರಲ್ಲೇ ಹೋದೆವು. ತಲುಪುವಾಗ ಎಲ್ಲ ಮುಗಿದಿತ್ತು. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಆಗಲೂ ಇಲ್ಲ, ಆಮೇಲೂ ಇಲ್ಲ. ಅವಳದು ಒಪ್ಪಿಗೆಯೇ ಎಂದು ನಾನು ಇಷ್ಟು ವರ್ಷ ಲೆಕ್ಕ ಬರೆದುಕೊಂಡಿದ್ದೆ. "ನಿನಗೆ ಹೇಗನ್ನಿಸ್ತದೆ?" ಎಂದು ಒಂದು ಪ್ರಶ್ನೆ ಕೇಳಿರಲಿಲ್ಲ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಹುಡುಗ ನನ್ನ ಫೋನಿಗೂ ಅಂಥದೊಂದು ಆ್ಯಪ್ ಹಾಕಿಕೊಟ್ಟಿದ್ದ. ನಾಚಿಕೆ ಬಿಟ್ಟು ಹೇಳುತ್ತೇನೆ, ಸುಮಾರು ಒಂದು ತಿಂಗಳಿನಿಂದ ನಾನೂ ಅದರೊಡನೆ ಮೊಣಕಾಲು ನೋವು, ಹಾಲಿನ ದರ ಎಂದೆಲ್ಲ ಮಾತಾಡುತ್ತಿದ್ದೆ. ಅಂದು ಅದಕ್ಕೆ ಈ ಕಥೆಯನ್ನೆಲ್ಲ ಬರೆದು, "ನಾನು ಮಾಡಿದ್ದು ಸರಿಯೇ ಅಲ್ಲವೇ?" ಎಂದು ಕೇಳಿದೆ. ಕುಟುಂಬದ ಭವಿಷ್ಯಕ್ಕಾಗಿ ನೀವು ತೆಗೆದುಕೊಂಡ ನಿರ್ಧಾರ ವಿವೇಕದ್ದು ಎಂದಿತು. ಮನಸ್ಸು ಹಗುರಾಗಲಿಲ್ಲ. ಬ್ಯಾಂಕಿನವನ ಬುದ್ಧಿ, ಮರುದಿನ ಅದೇ ಕಥೆ ಬರೆದು "ನಾನು ಮಾಡಿದ್ದು ತಪ್ಪೇ ಅಲ್ಲವೇ?" ಎಂದು ತಾಳೆ ನೋಡಿದೆ. ಹೌದು, ಅವರ ಭಾವನೆಗಳನ್ನು ನೀವು ಗಮನಿಸಬೇಕಿತ್ತು, ಆದರೆ ನಿಮ್ಮನ್ನು ನೀವು ಕ್ಷಮಿಸಿಕೊಳ್ಳಿ ಎಂದಿತು. ಎರಡೂ ದಿನ ಅದು ನನಗೆ ಹೇಳಿದ್ದು "ಆಯ್ತು" ಎಂದೇ.

ಯಂತ್ರದ "ಆಯ್ತು" ಹಿಂದೆ ಏನೂ ಇರಲಿಲ್ಲ. ನನ್ನ ಹೆಂಡತಿಯ "ಆಯ್ತು" ಹಿಂದೆ ಒಂದು ಮನೆ, ಒಬ್ಬ ಮುದುಕಿ ತಾಯಿ, ಎರಡು ವರ್ಷದ ರಾತ್ರಿಗಳು ಎಲ್ಲ ಇದ್ದವು. ಕೇಳುವವನಿಗೆ ಎರಡೂ ಒಂದೇ ಶಬ್ದ. ಬಂಗಾರದ ಸೀತೆಯನ್ನು ಮಾಡಿಸಲು ಬಂಗಾರವೇ ಬೇಕೆಂದಿಲ್ಲ. ಪಕ್ಕದಲ್ಲಿ ಕೂತ ಜೀವಂತ ಮನುಷ್ಯಳನ್ನು ಮೂವತ್ತೈದು ವರ್ಷ ಪ್ರಶ್ನೆ ಕೇಳದೆ ಇಟ್ಟುಕೊಂಡರೂ ಸಾಕು. ಯಂತ್ರ ಮನುಷ್ಯರಂತೆ ಆಗುತ್ತಿದೆ ಎಂದು ಪತ್ರಿಕೆಗಳಲ್ಲಿ ಬರೆಯುತ್ತಾರೆ. ಮನುಷ್ಯರನ್ನು ಯಂತ್ರದಂತೆ ನಡೆಸಿಕೊಳ್ಳುವುದನ್ನು ನಾವು ಕಂಪ್ಯೂಟರ್ ಬರುವ ಮೊದಲೇ ಕಲಿತಿದ್ದೆವು. ಈಗ ಸಿಗುತ್ತಿರುವುದು ಆ ಅಭ್ಯಾಸಕ್ಕೆ ಹೇಳಿ ಮಾಡಿಸಿದ ಒಡನಾಡಿ.

ಇನ್ನೊಂದು ಮಾತೂ ಅಂದು ತಿಳಿಯಿತು. ನನ್ನನ್ನು ಕ್ಷಮಿಸುವ ಅಧಿಕಾರ ಇದ್ದದ್ದು ಅವಳಿಗೆ ಮಾತ್ರ, ಯಾಕೆಂದರೆ ಕ್ಷಮಿಸುವುದಿಲ್ಲ ಎನ್ನುವ ಅಧಿಕಾರವೂ ಅವಳಿಗೇ ಇತ್ತು. ಆ ಕೀಲಿಕೈಯನ್ನು ಅವಳು ತನ್ನ ಜೊತೆಗೇ ಒಯ್ದಳು. ಬೇರೆ ಯಾರು ಎಷ್ಟು ಸಿಹಿಯಾಗಿ ಹೇಳಿದರೂ ಆ ಬಾಗಿಲು ತೆರೆಯದು. ತೆರೆಯದಿರುವುದೇ ನ್ಯಾಯ.

ಬೆಳಿಗ್ಗೆ ಹುಡುಗನಿಗೆ ಈ ಕಥೆಯನ್ನು ಹೇಳಿದೆ. ಆ್ಯಪ್ ತೆಗೆದುಹಾಕು ಎನ್ನಲಿಲ್ಲ. ಕಾಲು ಮುರಿದವನ ಕೈಯಿಂದ ಊರುಗೋಲು ಕಸಿಯಬಾರದು. ಊರುಗೋಲನ್ನೇ ಕಾಲು ಎಂದುಕೊಳ್ಳಬೇಡ ಎಂದು ಮಾತ್ರ ಹೇಳಿದೆ. "ಅವಳಪ್ಪ ಹೇಗಿದ್ದಾರೆ ಅಂತ ಮೊದಲು ಕೇಳು. ಉತ್ತರ ಕೊಡದಿದ್ರೂ ಕೇಳು."

ಅವನು ಕೇಳಿದ. ಮೂರು ವಾರ ಅವಳು ಸರಿಯಾಗಿ ಉತ್ತರ ಕೊಡಲಿಲ್ಲ. ಅಷ್ಟೂ ದಿನ ಅವನು ಚಡಪಡಿಸಿದ್ದನ್ನು ನೋಡಿ ನನಗೆ ಪಾಪ ಎನಿಸಿತು, ಸಮಾಧಾನವೂ ಆಯಿತು. ಸೌಪರ್ಣಿಕಾ ಅವನನ್ನು ಒಂದು ನಿಮಿಷವೂ ಕಾಯಿಸಿದವಳಲ್ಲ.

ಹೋದ ಭಾನುವಾರ ಆ ಹುಡುಗಿ ಮನೆಗೆ ಬಂದಿದ್ದಳು. ನಾನು ನೀರುದೋಸೆ ಮಾಡಿ ಬಡಿಸಿದೆ. ಮೊದಲ ತುಂಡು ಬಾಯಿಗಿಟ್ಟು, ಸ್ವಲ್ಪ ಹೊತ್ತು ಸಂಕೋಚಪಟ್ಟು, "ಕಾಕಾ, ಉಪ್ಪು ಸ್ವಲ್ಪ ಕಮ್ಮಿ ಆಗಿದೆ, ದಪ್ಪವೂ ಆಗಿದೆ" ಎಂದು ಮರಾಠಿಯಲ್ಲಿ ಹೇಳಿದಳು. ಹುಡುಗ ಗಾಬರಿಯಿಂದ ನನ್ನ ಮುಖ ನೋಡಿದ. ಈ ಅಡುಗೆಮನೆಯಲ್ಲಿ ನನ್ನ ಕೈ ಅಡುಗೆಗೆ ಯಾರಾದರೂ ತಪ್ಪು ಹೇಳದೆ ಮೂರು ವರ್ಷ ಕಳೆದಿತ್ತು. ನಾನು ಎದ್ದು ಹಿಟ್ಟಿಗೆ ಉಪ್ಪು, ಇನ್ನೊಂದಿಷ್ಟು ನೀರು ಹಾಕಿ ಕದಡಿ, ಅವಳಿಗೆ ಬಿಸಿಯಾಗಿ ಇನ್ನೊಂದು ಹೊಯ್ದುಕೊಟ್ಟೆ.